ಮೂಲೆಯಲ್ಲಿ ಕೂತ 16 ಪದರ: ಕ್ವಿಲ್ಟಿನ ಗಂಟು ಕರಗಿಸುವ ಬಗ್ಗೆ

ಕ್ವಿಲ್ಟ್ ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ, ಒಳಗೆ ಹತ್ತಿ ಹಾಸಿ ಹೊಲಿದ ಹೊದಿಕೆ. ಅದನ್ನು ಹೊಲಿಯುವವರಿಗೆಲ್ಲ ಗೊತ್ತಿರುವ ಜಾಗ ಒಂದಿದೆ. ನಾಲ್ಕು ತುಂಡು ಬಂದು ಸೇರುವ ಮೂಲೆ. ಮೇಲಿಂದ ನೋಡಿದರೆ ಗೆರೆಗೆ ಗೆರೆ ಚೆನ್ನಾಗಿ ಕೂತಿರುತ್ತದೆ, ಆದರೆ ಬೆರಳಾಡಿಸಿದರೆ ಅಲ್ಲೊಂದು ಗಂಟು ಸಿಗುತ್ತದೆ. ಮೆಷಿನ್ನಿನ ಪಾದ ಅದನ್ನು ಹತ್ತಲು ತಿಣುಕುತ್ತದೆ, ಹೊಲಿಗೆ ಒತ್ತೊತ್ತಾಗಿ ಬೀಳುತ್ತದೆ, ಕೆಲವು ಸಲ ಸೂಜಿಯೇ ಮುರಿಯುತ್ತದೆ. ಕೈಯಲ್ಲಿ ಹೊಲಿಯುವವರಿಗೆ ಇನ್ನೂ ಕಷ್ಟ. ಇಷ್ಟೂ ಸಾಲದು ಅಂತ, ನಾಲ್ಕಾರು ವರ್ಷ ಹೊದ್ದು ಒಗೆದ ಮೇಲೆ ಬಟ್ಟೆ ಮೊದಲು ಸವೆಯುವುದೂ ಅಲ್ಲೇ, ಯಾಕೆಂದರೆ ಎತ್ತರದ ಜಾಗಕ್ಕೆ ಉಜ್ಜಾಟ ಜಾಸ್ತಿ.

ಇಸ್ತ್ರಿ ಜೋರಾಗಿ ಒತ್ತಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಹೋಗುವುದಿಲ್ಲ. ಯಾಕೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ, ಇದನ್ನು ಒಮ್ಮೆ ಮನಸ್ಸಿಟ್ಟು ನೋಡಿದರೆ ಮುಂದೆ ಹೇಳುವುದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಎರಡೆರಡು ಚೌಕ ಜೋಡಿಸಿ, ಆ ಎರಡು ಜೋಡಿಯನ್ನು ಒಂದು ಅಡ್ಡ ಹೊಲಿಗೆಯಿಂದ ಸೇರಿಸಿ ಒಂದು ದೊಡ್ಡ ಚೌಕ ಮಾಡಿದ್ದೀರಿ ಅಂದುಕೊಳ್ಳಿ. ಎಲ್ಲ ಕಡೆ ಕಾಲು ಇಂಚು ಮಾರ್ಜಿನ್, ಅಂದರೆ ಹೊಲಿಗೆಯ ಗೆರೆಯಿಂದ ಬಟ್ಟೆಯ ಅಂಚಿನವರೆಗೆ ಬಿಟ್ಟ ಜಾಗ. ನಡುವೆ ನಾಲ್ಕೂ ಸೇರುವ ಬಿಂದುವಿನ ಸುತ್ತ ಅರ್ಧ ಇಂಚಿನ ಒಂದು ಪುಟ್ಟ ಚೌಕವನ್ನು ಮಾತ್ರ ನೋಡಿ. ಆ ಜಾಗದಲ್ಲಿ ಪ್ರತಿ ತುಂಡಿಗೂ ನಾಲ್ಕು ಭಾಗ ಇದೆ: ಮೇಲೆ ಕಾಣುವ ಮುಖ, ಒಂದು ಪಕ್ಕದ ಮಾರ್ಜಿನ್, ಇನ್ನೊಂದು ಪಕ್ಕದ ಮಾರ್ಜಿನ್, ಎರಡೂ ಮಾರ್ಜಿನ್ ಸೇರುವ ಮೂಲೆ. ನಾಲ್ಕು ತುಂಡಿಗೆ ನಾಲ್ಕು ನಾಲ್ಕಲೆ 16. ಹೇಗೆ ಮಡಿಸಿದರೂ, ಎಷ್ಟು ಒತ್ತಿದರೂ ಈ 16 ಕಡಿಮೆಯಾಗುವುದಿಲ್ಲ. ಬಟ್ಟೆ ಎಲ್ಲೂ ಹೋಗುವುದಿಲ್ಲ. ನಮ್ಮ ಕೈಯಲ್ಲಿರುವುದು ಎರಡೇ: ಅದನ್ನು ಹಂಚುವುದು, ಇಲ್ಲ ಕತ್ತರಿಸಿ ತೆಗೆಯುವುದು.

ಹಂಚುವುದರಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಮೇಲಿನ ಜೋಡಿಯ ಮಾರ್ಜಿನ್ನನ್ನೂ ಕೆಳಗಿನ ಜೋಡಿಯದ್ದನ್ನೂ ಒಂದೇ ಕಡೆಗೆ, ಎಡಕ್ಕೆ ಅಂತಿಟ್ಟುಕೊಳ್ಳಿ, ಮಡಿಸಿ, ಕೊನೆಯ ಅಡ್ಡ ಹೊಲಿಗೆಯನ್ನು ಮೇಲಕ್ಕೆ ಮಡಿಸಿದರೆ ಒಂದು ಮೂಲೆಯಲ್ಲಿ 9 ಪದರ ಬರುತ್ತದೆ. ಉಳಿದ ಮೂರರಲ್ಲಿ 3, 3, 1. ಒಂಬತ್ತರ ಪಕ್ಕದಲ್ಲೇ ಮೂರು, ಗಂಟು ಬಾರದೆ ಇನ್ನೇನು? ಮೇಲಿನದನ್ನು ಎಡಕ್ಕೆ, ಕೆಳಗಿನದನ್ನು ಬಲಕ್ಕೆ ಮಡಿಸಿದರೆ 7, 5, 3, 1. ಪರವಾಗಿಲ್ಲ ಅನ್ನಬಹುದು. ಎಲ್ಲ ಮಾರ್ಜಿನ್ನನ್ನೂ ಬಿಡಿಸಿ, ಅಂದರೆ ಒಂದು ಅಂಚನ್ನು ಹೊಲಿಗೆಯ ಆ ಕಡೆಗೆ, ಇನ್ನೊಂದನ್ನು ಈ ಕಡೆಗೆ ತೆರೆದು ಇಸ್ತ್ರಿ ಮಾಡಿದರೆ 4, 4, 4, 4. ಎಲ್ಲ ಕಡೆ ಸಮ. ನಾನು ಇದನ್ನು ಕಾಗದದ ಮೇಲೆ ಬರೆದು ನೋಡಿದಾಗ ನಿಜವಾಗಿ ಖುಷಿಯಾಗಿತ್ತು, ಯಾಕೆಂದರೆ ಎದುರುಬದುರು ಮಡಿಸಿ ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳುವವರು ಕಡಿಮೆ.

ಹಾಗಾದರೆ ಎಲ್ಲವನ್ನೂ ಬಿಡಿಸಿಯೇ ಇಸ್ತ್ರಿ ಮಾಡಬಹುದಲ್ವಾ? ಮಾಡಬಹುದು, ಆದರೆ ಅದಕ್ಕೂ ಬೆಲೆ ಇದೆ. ಮಾರ್ಜಿನ್ ಒಂದೇ ಕಡೆಗೆ ಮಡಿಸಿದಾಗ ಹೊಲಿಗೆಯ ದಾರಕ್ಕೆ ಹಿಂದಿನಿಂದ ಬಟ್ಟೆಯ ಆಸರೆ ಇರುತ್ತದೆ. ಬಿಡಿಸಿದಾಗ ಎರಡು ತುಂಡಿನ ನಡುವೆ ಇರುವುದು ದಾರ ಮಾತ್ರ. ಹೊಲಿಗೆಯ ಗೆರೆಯಲ್ಲೇ, ಆ ಸಂದಿಯಲ್ಲೇ ಕ್ವಿಲ್ಟಿಂಗ್ ಹೊಲಿಗೆ (ಮೇಲಿನ ಬಟ್ಟೆ, ಹತ್ತಿ, ಹಿಂಬದಿ ಬಟ್ಟೆ ಮೂರನ್ನೂ ಒಟ್ಟಿಗೆ ಹಿಡಿಯುವ ಹೊಲಿಗೆ) ಹಾಕುವವರು ಬಿಡಿಸಿದ ಮಾರ್ಜಿನ್ ಮೇಲೆ ಅದನ್ನು ಮಾಡಬಾರದು. ಸೂಜಿ ಬಟ್ಟೆಗೆ ಚುಚ್ಚುವ ಬದಲು ದಾರಕ್ಕೇ ಚುಚ್ಚುತ್ತದೆ, ಜೋಡಣೆ ಸಡಿಲವಾಗುತ್ತದೆ. ಕೈಯಲ್ಲಿ ತುಂಡು ಜೋಡಿಸುತ್ತಿದ್ದ ಕಾಲದಲ್ಲಿ ಮಾರ್ಜಿನ್ನನ್ನು ಒಂದೇ ಕಡೆಗೆ ಮಡಿಸುವ ರೂಢಿ ಬಲವಾಗಿದ್ದದ್ದೂ ಇದಕ್ಕೇ, ಕೈಹೊಲಿಗೆಯ ನಡುವೆ ಸಂದು ಇರುತ್ತದೆ, ಒಳಗಿನ ಹತ್ತಿ ಅದರಲ್ಲಿ ಇಣುಕಬಾರದು. ಮೆಷಿನ್ ಹೊಲಿಗೆಯಲ್ಲಿ ಆ ಭಯ ಅಷ್ಟಿಲ್ಲ. ಬಿಡಿಸುವುದೇ ಆದರೆ ಹೊಲಿಗೆಯ ಉದ್ದವನ್ನು 2 ಮಿಲಿಮೀಟರ್ ಹತ್ತಿರಕ್ಕೆ ಇಳಿಸಿ, ಒತ್ತೊತ್ತಾಗಿ ಬರಲಿ.

ಒಂದೇ ಕಡೆಗೆ ಮಡಿಸುವುದರಲ್ಲಿ ಇನ್ನೊಂದು ದೊಡ್ಡ ಲಾಭ ಇದೆ. ಎದುರುಬದುರು ಮಡಿಸಿದ ಎರಡು ಮಾರ್ಜಿನ್ ಒಂದರ ಪಕ್ಕ ಒಂದು ಬಂದು ಕಚ್ಚಿಕೊಳ್ಳುತ್ತವೆ. ಕಣ್ಣು ಮುಚ್ಚಿ ಬೆರಳಲ್ಲಿ ತಳ್ಳಿದರೂ ಟಕ್ ಅಂತ ಕೂತದ್ದು ಗೊತ್ತಾಗುತ್ತದೆ. ಪಿನ್ನು ಬೇಕಿಲ್ಲ. ಬಿಡಿಸಿದ ಮಾರ್ಜಿನ್ನುಗಳಲ್ಲಿ ಈ ಕಚ್ಚುವಿಕೆ ಇರುವುದಿಲ್ಲ, ಪ್ರತಿ ಮೂಲೆಗೂ ಹೊಲಿಗೆಯ ಗೆರೆಯಲ್ಲೇ ಪಿನ್ನು ಚುಚ್ಚಿ ನೋಡಬೇಕು. ಹಾಗಾಗಿ ನಾನು ಬಿಡಿಸುವ ಪಕ್ಷವೂ ಅಲ್ಲ, ಮಡಿಸುವ ಪಕ್ಷವೂ ಅಲ್ಲ. ಎಷ್ಟು ಮೊನೆ ಸೇರುತ್ತವೆ, ಮೇಲೆ ಕ್ವಿಲ್ಟಿಂಗ್ ಎಲ್ಲಿ ಬರುತ್ತದೆ, ಎರಡನ್ನೂ ನೋಡಿ ಪ್ರತಿ ಜೋಡಣೆಗೆ ಬೇರೆ ಬೇರೆ ತೀರ್ಮಾನ ಮಾಡುತ್ತೇನೆ.

ಇನ್ನು ಎರಡರ ಲಾಭವನ್ನೂ ಒಟ್ಟಿಗೆ ಕೊಡುವ ಒಂದು ಉಪಾಯ ಇದೆ. ನನಗೆ ಇಡೀ ಕ್ವಿಲ್ಟಿಂಗಿನಲ್ಲಿ ತುಂಬಾ ಇಷ್ಟವಾದ ಕೆಲಸ. ಎದುರುಬದುರು ಮಡಿಸಿ ಕಚ್ಚಿಸಿಕೊಂಡು ಕೊನೆಯ ಅಡ್ಡ ಹೊಲಿಗೆ ಹಾಕಿಬಿಡಿ. ಈಗ ತಿರುಗಿಸಿ ಹಿಂಭಾಗ ನೋಡಿ. ಅಡ್ಡ ಹೊಲಿಗೆಯ ಗೆರೆಗೂ ಬಟ್ಟೆಯ ಕತ್ತರಿಸಿದ ಅಂಚಿಗೂ ನಡುವೆ, ಅಂದರೆ ಆ ಕಾಲು ಇಂಚಿನ ಮಾರ್ಜಿನ್ನಿನಲ್ಲಿ, ಮೊದಲು ಹಾಕಿದ ಉದ್ದ ಹೊಲಿಗೆಯ ಎರಡು ಮೂರು ಕುಣಿಕೆ ಸಿಕ್ಕಿಹಾಕಿಕೊಂಡಿರುತ್ತವೆ. ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್ ತುದಿಯಿಂದ ಅವನ್ನು ಮಾತ್ರ ಬಿಚ್ಚಿ. ಎರಡೂ ಕಡೆ. ಅಡ್ಡ ಹೊಲಿಗೆಯನ್ನು ಮುಟ್ಟಬಾರದು, ಅದು ಬಿಚ್ಚಿದರೆ ಮೂಲೆಯಲ್ಲಿ ತೂತು. ಬಿಚ್ಚಿದ ಮೇಲೆ ಅಡ್ಡ ಮಾರ್ಜಿನ್ನಿನ ಎಡ ಅರ್ಧವನ್ನು ಒಂದು ಕಡೆಗೆ, ಬಲ ಅರ್ಧವನ್ನು ಇನ್ನೊಂದು ಕಡೆಗೆ ಬೆರಳಲ್ಲೇ ತಳ್ಳಿ. ನಡುವೆ ಬಟ್ಟೆ ತಾನಾಗಿ ತೆರೆದುಕೊಂಡು, ನಾಲ್ಕು ಬಣ್ಣದ ಒಂದು ಪುಟ್ಟ ಚೌಕ ಕಾಣುತ್ತದೆ, ಮುಂದೆ ಹೊಲಿದ ಚೌಕದ ಮರಿಯ ಹಾಗೆ. ನಾಲ್ಕೂ ಮಾರ್ಜಿನ್ ಈಗ ಒಂದೇ ಸುತ್ತಿಗೆ ತಿರುಗಿರುತ್ತವೆ. ಪದರ 4, 4, 4, 4. ಆದರೂ ಹೊಲಿಗೆಗೆಲ್ಲ ಬಟ್ಟೆಯ ಆಸರೆ ಇದೆ. ಇಸ್ತ್ರಿ ಇಟ್ಟು ಒತ್ತಿ.

ತಳ್ಳಿದಾಗ ತೆರೆದುಕೊಳ್ಳದೆ ಎಳೆದ ಹಾಗಾದರೆ ತಿರುಗಿಸುವ ದಿಕ್ಕು ತಪ್ಪಾಗಿದೆ ಅಂತ ಅರ್ಥ, ಎಡ ಬಲ ಅದಲುಬದಲು ಮಾಡಿ ನೋಡಿ.

9 ಚೌಕ ಸೇರಿಸಿ ಮಾಡಿದ ಬ್ಲಾಕಿನಲ್ಲೂ (ಕ್ವಿಲ್ಟಿನ ವಿನ್ಯಾಸದ ಒಂದು ಘಟಕ) ಇದು ನಡೆಯುತ್ತದೆ, ಆದರೆ ಒಂದು ಷರತ್ತು. ಗಾಢ ಬಣ್ಣ, ತಿಳಿ ಬಣ್ಣ ಒಂದು ಬಿಟ್ಟು ಒಂದು ಇದ್ದು, ಎಲ್ಲ ಉದ್ದ ಹೊಲಿಗೆಯನ್ನೂ ಗಾಢ ಬಣ್ಣದ ಕಡೆಗೆ ಮಡಿಸಿರಬೇಕು. ಆಗ ಪಕ್ಕಪಕ್ಕದ ಮೂಲೆಗಳು ಒಂದು ಎಡಕ್ಕೆ, ಒಂದು ಬಲಕ್ಕೆ ತಿರುಗಿಕೊಂಡು ನಡುವಿನ ಮಾರ್ಜಿನ್ ನೆಟ್ಟಗೆ ಕೂರುತ್ತದೆ. ಒಂದು ಸಾಲು ಪೂರ್ತಿ ಎಡಕ್ಕೆ, ಮುಂದಿನ ಸಾಲು ಪೂರ್ತಿ ಬಲಕ್ಕೆ ಮಡಿಸಿದ್ದರೆ ಒಂದೇ ಅಡ್ಡ ಹೊಲಿಗೆಯ ಮೇಲಿನ ಮೂಲೆಗಳೆಲ್ಲ ಒಂದೇ ದಿಕ್ಕಿಗೆ ತಿರುಗಬೇಕಾಗುತ್ತದೆ, ಎರಡು ಮೂಲೆಯ ನಡುವೆ ಮಾರ್ಜಿನ್ ಹುರಿಗೊಳ್ಳುತ್ತದೆ. ಹಾಗೆ ಮಡಿಸಿದ್ದಲ್ಲಿ ತಿರುಗಿಸುವ ಆಸೆ ಬಿಟ್ಟುಬಿಡುವುದೇ ಒಳ್ಳೆಯದು.

ಇದನ್ನೆಲ್ಲ ಹೊಲಿಯುವ ಮೊದಲೇ ಯೋಚಿಸಬೇಕು. ನಾನು ವಿನ್ಯಾಸದ ಚಿತ್ರ ಬರೆದು ಪ್ರತಿ ಗೆರೆಯ ಮೇಲೂ ಒಂದು ಬಾಣದ ಗುರುತು ಹಾಕುತ್ತೇನೆ, ಈ ಹೊಲಿಗೆ ಯಾವ ಕಡೆಗೆ ಮಡಿಯುತ್ತದೆ ಅಂತ. ಬಾಣಗಳು ಎದುರುಬದುರು ಬರದಿದ್ದರೆ ಅಲ್ಲೇ ತಿದ್ದುತ್ತೇನೆ, ಪೆನ್ಸಿಲ್ಲಿನಲ್ಲಿ ತಿದ್ದುವುದು ಹೊಲಿಗೆ ಬಿಚ್ಚುವುದಕ್ಕಿಂತ ಎಷ್ಟೋ ಸುಲಭ. ಗೊಂದಲವಾದರೆ ಒಂದು ಸರಳ ದಾರಿ ಇದೆ: ಹೊಲಿಗೆ ಇಲ್ಲದ ತುಂಡಿನ ಕಡೆಗೆ ಮಡಿಸಿ. ಬ್ಲಾಕುಗಳ ನಡುವೆ ಪಟ್ಟಿ ಹಾಕುತ್ತಿದ್ದರೆ ಪಟ್ಟಿಯ ಕಡೆಗೆ. ತುಂಡು ಜೋಡಿಸಿದ ಒಂದು ಬ್ಲಾಕು, ಅದರ ಪಕ್ಕ ಒಂದು ಸಾದಾ ಚೌಕ ಅಂತ ಇಟ್ಟಿದ್ದರೆ ಎಲ್ಲವೂ ಸಾದಾ ಚೌಕದ ಕಡೆಗೆ. ಹೀಗೆ ಮಾಡಿದರೆ ಮುಂದಿನ ಸಾಲು ತಾನಾಗಿ ಕಚ್ಚಿಕೊಳ್ಳುತ್ತದೆ, ಲೆಕ್ಕ ಹಾಕುವ ಕೆಲಸವೇ ಇಲ್ಲ. ಹೊಸದಾಗಿ ಕಲಿಯುವವರಿಗೆ ನಾನು ಇಂಥ ವಿನ್ಯಾಸವನ್ನೇ ಮೊದಲು ಮಾಡಿ ಅನ್ನುತ್ತೇನೆ.

ಇನ್ನು ಕತ್ತರಿಸುವುದು. ತ್ರಿಕೋನ ಬಂದ ಕೂಡಲೇ ಇದು ಬೇಕು. ಎರಡು ತ್ರಿಕೋನ ಸೇರಿಸಿ ಚೌಕ ಮಾಡಿದಾಗ ಎರಡು ತುದಿಯಲ್ಲಿ ಪುಟ್ಟ ಕಿವಿಗಳು ಹೊರಗೆ ಚಾಚಿಕೊಳ್ಳುತ್ತವೆ. ಇಷ್ಟು ಸಣ್ಣದು ಏನು ಮಾಡುತ್ತದೆ ಅಂತ ಬಿಡಬೇಡಿ. ಅಂಥ ನಾಲ್ಕು ಚೌಕ ಸೇರಿ ಗಿರಿಗಿಟ್ಲೆ ವಿನ್ಯಾಸ ಆಗುವಾಗ ಎಂಟು ಮೊನೆ ಒಂದೇ ಬಿಂದುವಿಗೆ ಬರುತ್ತವೆ, ಕಿವಿಗಳೂ ಅಲ್ಲೇ ಬಂದು ಕೂರುತ್ತವೆ. ಜೋಡಿಸುವ ಮುಂಚೆಯೇ ಕತ್ತರಿಸಿ. ಗಿರಿಗಿಟ್ಲೆಯ ನಡುಬಿಂದುವನ್ನು ಮೇಲೆ ಹೇಳಿದ ಹಾಗೆ ತಿರುಗಿಸಲೇಬೇಕು, ಅಲ್ಲಿ ನನಗೆ ಎರಡನೇ ಮಾತಿಲ್ಲ.

ಆಯತದ ಮೂಲೆಗೆ ಚೌಕ ಇಟ್ಟು, ಕರ್ಣದ ಮೇಲೆ ಹೊಲಿದು, ಮಗುಚಿ ತ್ರಿಕೋನ ಮಾಡುವ ವಿಧಾನ ಗೊತ್ತಲ್ವಾ? ಅದರಲ್ಲಿ ಹಿಂದೆ ಎರಡು ಪದರ ಸುಮ್ನೆ ಉಳಿಯುತ್ತವೆ. ಕೆಲವರು ಅಳತೆ ಸರಿಯಾಗಿ ಉಳಿಯಲಿ ಅಂತ ಕೆಳಗಿನ ಆಯತದ ಮೂಲೆಯನ್ನು ಕತ್ತರಿಸದೆ ಬಿಡುತ್ತಾರೆ. ಅವರ ಕಾರಣ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಿಗೆಯಿಲ್ಲ. ಕಾಲು ಇಂಚು ಬಿಟ್ಟು ಎರಡನ್ನೂ ಕತ್ತರಿಸಿ. ಒಂದು ಕ್ವಿಲ್ಟಿನಲ್ಲಿ ಇಂಥ ನೂರಾರು ಮೂಲೆ ಇರಬಹುದು, ಅಷ್ಟೂ ಬಟ್ಟೆಯನ್ನು ಹೊದಿಕೆಯೊಳಗೆ ಹೊತ್ತು ತಿರುಗುವುದು ಯಾಕೆ?

ಕೆಲವು ಸಲ ಹೊಲಿಗೆಯನ್ನೇ ಇಲ್ಲದ ಹಾಗೆ ಮಾಡಬಹುದು. ಎಂಟು ಮೊನೆಯ ನಕ್ಷತ್ರದ ಬ್ಲಾಕನ್ನು ಎಂಟು ತ್ರಿಕೋನ-ಚೌಕಗಳಿಂದ ಮಾಡುವ ಬದಲು, ಪ್ರತಿ ಪಕ್ಕಕ್ಕೂ ನಡುವೆ ಒಂದೇ ದೊಡ್ಡ ತ್ರಿಕೋನ ಬರುವ ಹಾಗೆ ನಾಲ್ಕು ಆಯತಗಳಿಂದ ಮಾಡಿದರೆ ನಾಲ್ಕು ಹೊಲಿಗೆ ಕಡಿಮೆಯಾಗುತ್ತದೆ. ಮೇಲಿಂದ ನೋಡಿದರೆ ಅದೇ ನಕ್ಷತ್ರ.

ಬಟ್ಟೆಯ ವಿಷಯಕ್ಕೆ ಬರೋಣ. ಪುಸ್ತಕದಲ್ಲಿರುವ ಸೂಚನೆಗಳೆಲ್ಲ ಒಂದೇ ದಪ್ಪದ, ಕ್ವಿಲ್ಟಿಗೆಂದೇ ನೇಯ್ದ ಹತ್ತಿ ಬಟ್ಟೆಗೆ ಬರೆದವು. ನಮ್ಮ ಮನೆಗಳಲ್ಲಿ ಹಾಗಿರುವುದಿಲ್ಲ. ಪಾಪ್ಲಿನ್, ಕೇಂಬ್ರಿಕ್, ಹಳೇ ಕಾಟನ್ ಸೀರೆ, ಅಪ್ಪನ ಅಂಗಿ, ಖಾದಿ ಜುಬ್ಬಾ ಎಲ್ಲ ಒಂದೇ ಕ್ವಿಲ್ಟಿನಲ್ಲಿ ಬರುತ್ತವೆ. ದಪ್ಪ ಬಟ್ಟೆ ಮತ್ತು ತೆಳು ಬಟ್ಟೆ ಪಕ್ಕಪಕ್ಕ ಬಂದಾಗ ಗಾಢ ಬಣ್ಣದ ಕಡೆಗೆ ಮಡಿಸುವ ನಿಯಮವನ್ನು ಪಕ್ಕಕ್ಕಿಡಿ. ತೆಳು ಬಟ್ಟೆಯ ಕಡೆಗೆ ಮಡಿಸಿ. ಕಾರಣ ಇಷ್ಟೇ: ಯಾವ ಕಡೆಗೆ ಮಡಿಸುತ್ತೇವೋ ಆ ಕಡೆಯ ಬಟ್ಟೆ ಹಿಂದಕ್ಕೆ ಮಡಚಿಕೊಳ್ಳಬೇಕು, ಇನ್ನೊಂದು ನೆಟ್ಟಗೆ ಮುಂದಕ್ಕೆ ಹೋಗಿ ಅದರ ಕೆಳಗೆ ಮಲಗುತ್ತದೆ. ಖಾದಿ ನೆಟ್ಟಗೆ ಮಲಗಲಿ, ಸೀರೆಯ ಬಟ್ಟೆ ಮಡಚಿಕೊಳ್ಳಲಿ. ತೆಳು ಬಟ್ಟೆ ತಿಳಿ ಬಣ್ಣದ್ದಾಗಿದ್ದು ಒಳಗಿನ ಗಾಢ ಮಾರ್ಜಿನ್ ನೆರಳಿನ ಹಾಗೆ ಕಂಡರೆ, ಆ ಗಾಢ ಮಾರ್ಜಿನ್ನನ್ನು ಎರಡು ಮೂರು ಎಳೆಯಷ್ಟು ಒಳಗೆ ಕತ್ತರಿಸಿ, ತಿಳಿ ಬಣ್ಣದ್ದು ಅದನ್ನು ಮುಚ್ಚಿಕೊಳ್ಳುತ್ತದೆ. ಎರಡು ಮಾರ್ಜಿನ್ನೂ ಒಂದೇ ಕಡೆ ನಿಲ್ಲದೆ ಮೆಟ್ಟಿಲಾಗಿ ಇಳಿಯುವುದರಿಂದ ಮೇಲಿಂದ ಗೆರೆಯೂ ಎದ್ದು ಕಾಣುವುದಿಲ್ಲ. ಆದರೆ 1/8 ಇಂಚಿಗಿಂತ ಕಡಿಮೆ ಮಾರ್ಜಿನ್ ಎಲ್ಲೂ ಬಿಡಬೇಡಿ, ಒಗೆದಾಗ ಎಳೆ ಜಾರಿ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಸೀರೆಯ ಜರಿ ಅಂಚನ್ನು ಸಣ್ಣ ತುಂಡುಗಳಿಗೆ ಬಳಸುವ ಆಸೆ ಬೇಡ. ಬೇಕಾದರೆ ಉದ್ದ ಪಟ್ಟಿಯಾಗಿ ಬ್ಲಾಕುಗಳ ನಡುವೆ ಹಾಕಿ, ಚಪ್ಪಟೆಯಾಗಿ ಮಲಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸಿದ ಗೆರೆ ಇರುತ್ತದಲ್ಲ, ಅದು ತುಂಡಿನ ನಡುವೆ ಬರಲಿ, ಮಾರ್ಜಿನ್ನಿಗೆ ಬರುವುದು ಬೇಡ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ, ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ಈ ನಾಲ್ಕು ಮೂಲೆಯ ತಾಪತ್ರಯ ಇಲ್ಲ. ಅಲ್ಲಿ ತುಂಡಿಗೆ ತುಂಡು ಜೋಡಿಸಿ ಹೊಲಿಯುವುದಿಲ್ಲ, ಕೆಳಗೆ ಹಾಸಿದ ಸೀರೆಯ ಮೇಲೆ ತುಂಡುಗಳನ್ನು ಇಟ್ಟು, ಅಂಚನ್ನು ಒಳಗೆ ಮಡಚಿ, ನೇರ ಕೈಹೊಲಿಗೆಯಲ್ಲಿ ಎಲ್ಲ ಪದರವನ್ನೂ ಒಟ್ಟಿಗೆ ಹಿಡಿಯುತ್ತಾ ಹೋಗುತ್ತಾರೆ. ಕವಂದಿ ಒಂದು ಮೂಲೆಯಿಂದ ಶುರುವಾಗಿ ಅಂಚಿನ ಗುಂಟ ಸುತ್ತಿ ಸುತ್ತಿ ನಡುವಿಗೆ ಬರುತ್ತದೆ. ದಪ್ಪ ಬರುವುದು ಒಂದು ತುಂಡಿನ ಮೇಲೆ ಇನ್ನೊಂದರ ಮಡಚಿದ ಅಂಚು ಕೂತಲ್ಲಿ ಮಾತ್ರ, ಅದೂ ಉದ್ದಕ್ಕೆ ಹರಡಿಕೊಂಡಿರುತ್ತದೆ. ಬೇರೆ ಬೇರೆ ದಪ್ಪದ ಹಳೇ ಬಟ್ಟೆಗೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಕೈಯಲ್ಲಿರುವ ಬಟ್ಟೆಗಳು ತೀರಾ ಹೊಂದದೆ ಇದ್ದಾಗ ನಾನು ಮೆಷಿನ್ ಮುಚ್ಚಿಟ್ಟು ಕೌದಿಯ ದಾರಿಯನ್ನೇ ಹಿಡಿಯುತ್ತೇನೆ.

ಇಸ್ತ್ರಿಗೂ ಒಂದು ಕ್ರಮ ಇದೆ. ಹೊಲಿದ ಕೂಡಲೇ ತುಂಡನ್ನು ತೆರೆಯದೆ, ಮುಚ್ಚಿದ ಹಾಗೇ ಹೊಲಿಗೆಯ ಮೇಲೆ ಒಮ್ಮೆ ಇಸ್ತ್ರಿ ಇಡಿ. ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ತೆರೆದು, ಮಾರ್ಜಿನ್ ಬೇಕಾದ ಕಡೆಗೆ ತಳ್ಳಿ, ಮೇಲಿಂದ ಒತ್ತಿ. ಉಜ್ಜಬೇಡಿ. ಎತ್ತಿ ಇಡಿ, ಎತ್ತಿ ಇಡಿ. ಉಜ್ಜಿದರೆ ಬಟ್ಟೆ ಹಿಗ್ಗುತ್ತದೆ, ಓರೆಯಾಗಿ ಕತ್ತರಿಸಿದ ತ್ರಿಕೋನದ ಅಂಚಂತೂ ತಕ್ಷಣ ಹಿಗ್ಗುತ್ತದೆ. ಇಸ್ತ್ರಿ ತೆಗೆದ ಮರುಕ್ಷಣ ಆ ಜಾಗದ ಮೇಲೆ ಒಂದು ಮರದ ತುಂಡು ಇಟ್ಟು, ತಣ್ಣಗಾಗುವವರೆಗೆ ಹಾಗೇ ಬಿಡಿ. ಮರ ಹಬೆಯನ್ನು ಹೀರಿಕೊಳ್ಳುತ್ತದೆ, ಬಟ್ಟೆ ಒತ್ತಡದಲ್ಲೇ ತಣಿಯುತ್ತದೆ, ಮಡಿಕೆ ಹಾಗೇ ನಿಲ್ಲುತ್ತದೆ. ಹೊರದೇಶದಲ್ಲಿ ಇದನ್ನು ಕ್ಲಾಪರ್ ಅಂತ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಬಡಗಿಯ ಹತ್ತಿರ ಉಳಿದ ಗಟ್ಟಿ ಮರದ ಒಂದು ತುಂಡನ್ನು ನುಣ್ಣಗೆ ಉಜ್ಜಿಸಿಕೊಂಡು ಬಂದರೆ ಸಾಕು. ಪಾಲಿಶ್, ಬಣ್ಣ ಏನೂ ಬೇಡ, ಬಿಸಿಗೆ ಬಟ್ಟೆಗೆ ಅಂಟುತ್ತದೆ, ಹಬೆಯನ್ನೂ ಹೀರುವುದಿಲ್ಲ. ತೆಳು ಬಟ್ಟೆಯಾದರೆ ಕತ್ತರಿಸುವ ಮುಂಚೆ ಅಕ್ಕಿ ಗಂಜಿ ಹಾಕಿ. ಸೀರೆಗೆ ಹಾಕುವ ಅದೇ ಗಂಜಿ, ಇನ್ನೂ ಸ್ವಲ್ಪ ತೆಳ್ಳಗೆ. ಮಡಿಕೆ ಗರಿಗರಿಯಾಗಿ ನಿಲ್ಲುತ್ತದೆ. ಕ್ವಿಲ್ಟ್ ಮುಗಿದ ಮೇಲೆ ಒಗೆದೇ ಎತ್ತಿಡಿ, ಗಂಜಿಗೆ ಹುಳ ಬರುತ್ತದೆ.

ದಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಾರದ ರೀಲಿನ ಮೇಲೆ 40, 50, 60 ಅಂತ ವೆಯ್ಟ್ ಬರೆದಿದ್ದರೆ ಸಂಖ್ಯೆ ದೊಡ್ಡದಾದಷ್ಟೂ ದಾರ ಸಣ್ಣ. ಜೋಡಿಸುವುದಕ್ಕೆ 50ರ ಕಾಟನ್ ದಾರ ಚೆನ್ನ. ಮಡಿಕೆಯಲ್ಲಿ ದಾರವೂ ಜಾಗ ತಿನ್ನುತ್ತದೆ, ಬಟ್ಟೆಯ ದಪ್ಪವೂ ತಿನ್ನುತ್ತದೆ. ಒಂದು ಹೊಲಿಗೆಗೆ ಬರೀ 1 ಮಿಲಿಮೀಟರ್ ಹೋಯಿತು ಅಂದರೂ 12 ಹೊಲಿಗೆಯ ಸಾಲಿನಲ್ಲಿ ಹತ್ತಿರ ಹತ್ತಿರ ಅರ್ಧ ಇಂಚು ಹೋಯಿತು, ಆ ಸಾಲನ್ನು ಪಕ್ಕದ ಸಾಲಿಗೆ ಎಳೆದು ಕೂಡಿಸಿದರೆ ಮೂಲೆಗಳು ಕಚ್ಚದೆ ಒಂದರ ಮೇಲೊಂದು ಏರಿ ಮತ್ತೆ ಗಂಟು. ಅದಕ್ಕೇ ಕಾಲು ಇಂಚಿಗಿಂತ ಒಂದೆರಡು ಎಳೆ ಕಡಿಮೆ ಮಾರ್ಜಿನ್ ಹಿಡಿಯಬೇಕು. ಪರೀಕ್ಷೆ ಸುಲಭ: ಒಂದೂವರೆ ಇಂಚಿನ ಮೂರು ಪಟ್ಟಿ ಹೊಲಿದು ಇಸ್ತ್ರಿ ಮಾಡಿ, ನಡುವಿನ ಪಟ್ಟಿ ಸರಿಯಾಗಿ 1 ಇಂಚು ಇರಬೇಕು. ಕಡಿಮೆ ಬಂದರೆ ಮಾರ್ಜಿನ್ ಜಾಸ್ತಿಯಾಗಿದೆ.

ಇಷ್ಟೆಲ್ಲ ಮಾಡಿಯೂ ಒಂದು ಉಬ್ಬು ಉಳಿದರೆ, ಮೆಷಿನ್ ಪಾದ ಅದನ್ನು ಹತ್ತುವಾಗ ಪಾದದ ಹಿಂಭಾಗದ ಕೆಳಗೆ ಅಷ್ಟೇ ದಪ್ಪಕ್ಕೆ ಮಡಚಿದ ಬಟ್ಟೆಯನ್ನೋ ರಟ್ಟನ್ನೋ ಇಡಿ. ಪಾದ ಸಮವಾಗಿ ನಿಂತರೆ ಹೊಲಿಗೆ ಒಂದೇ ಅಳತೆಯಲ್ಲಿ ಬರುತ್ತದೆ. ಅಲ್ಲಿ ಮೋಟರ್ ಬಿಟ್ಟು ಕೈಯಿಂದ ಚಕ್ರ ತಿರುಗಿಸಿ. ಕ್ವಿಲ್ಟಿಂಗ್ ಗೆರೆಯನ್ನೂ ಸಾಧ್ಯವಾದರೆ ಆ ಬಿಂದುವಿನ ಪಕ್ಕದಿಂದ ಹಾಯಿಸಿ.

ಹಿಂಬದಿ ಬಟ್ಟೆಯನ್ನು ಮಾತ್ರ ಯಾವಾಗಲೂ ಬಿಡಿಸಿಯೇ ಇಸ್ತ್ರಿ ಮಾಡುತ್ತೇನೆ, ಅರ್ಧ ಇಂಚು ಮಾರ್ಜಿನ್ ಬಿಟ್ಟು. ಬಟ್ಟೆಯ ಬಿಗಿ ಅಂಚನ್ನು ಮೊದಲು ಕತ್ತರಿಸಿ ತೆಗೆಯಬೇಕು. ಒಳಗಿನ ಹತ್ತಿ ಹಾಸು ಸಾಲದೆ ತುಂಡು ಸೇರಿಸುವುದಾದರೆ ಒಂದರ ಮೇಲೊಂದು ಇಡದೆ ಅಂಚಿಗೆ ಅಂಚು ತಾಗಿಸಿ ಅಗಲ ಜಿಗ್‌ಜಾಗ್ ಹೊಲಿಗೆ ಹಾಕಿ. ಸುತ್ತಲಿನ ಪೈಪಿಂಗ್ ಪಟ್ಟಿಗಳನ್ನು ನೇರವಾಗಿ ಸೇರಿಸಬೇಡಿ, ಓರೆಯಾಗಿ ಸೇರಿಸಿ, ದಪ್ಪ ಒಂದೇ ಕಡೆ ನಿಲ್ಲುವುದಿಲ್ಲ. ಆ ಜೋಡಣೆ ಕ್ವಿಲ್ಟಿನ ಮೂಲೆಗೆ ಬಾರದ ಹಾಗೆ ಮೊದಲೇ ಪಟ್ಟಿಯನ್ನು ಸುತ್ತ ಹಿಡಿದು ನೋಡಿಕೊಳ್ಳಿ. ಮೂಲೆಯಲ್ಲಿ ಮುಂದೆ ಮಡಿಕೆ ಯಾವ ಕಡೆಗೆ ಬಿದ್ದಿದೆಯೋ, ಹಿಂದೆ ಅದರ ವಿರುದ್ಧ ಕಡೆಗೆ ಮಡಿಸಿ. ಇದೂ ಅದೇ ಹಂಚುವ ಲೆಕ್ಕ.

ಹಳೇ ಜೀನ್ಸ್ ಬಟ್ಟೆಯಲ್ಲಿ ಕ್ವಿಲ್ಟ್ ಮಾಡಬಹುದಾ ಅಂತ ಕೆಲವರು ಕೇಳಿದ್ದರು. ಖಂಡಿತ ಮಾಡಬಹುದು, ಆದರೆ ತುಂಡು ದೊಡ್ಡದಿರಲಿ, 6 ಇಂಚಿಗಿಂತ ಚಿಕ್ಕದು ಬೇಡ. ಪ್ಯಾಂಟಿನ ಒಳತೊಡೆಯ ದಪ್ಪ ಜೋಡಿ ಹೊಲಿಗೆಯನ್ನು ಪೂರ್ತಿ ಕತ್ತರಿಸಿ ಎಸೆಯಿರಿ. ಮಾರ್ಜಿನ್ ಅರ್ಧ ಇಂಚು, ಎಲ್ಲವೂ ಬಿಡಿಸಿದ್ದು, ಸೂಜಿ 16 ನಂಬರ್. ಸಾಲುಗಳನ್ನು ಇಟ್ಟಿಗೆ ಗೋಡೆಯ ಥರ ಅರ್ಧ ತುಂಡು ಜರುಗಿಸಿ ಜೋಡಿಸಿದರೆ ನಾಲ್ಕು ಮೂಲೆ ಒಂದೆಡೆ ಸೇರುವ ಪ್ರಶ್ನೆಯೇ ಬರುವುದಿಲ್ಲ. ಒಳಗೆ ಹತ್ತಿ ಹಾಸು ಬೇಡ, ಹಿಂದೆ ಒಂದು ಹಳೇ ಬೆಡ್‌ಶೀಟು ಸಾಕು, ಹಾಗೆ ಮಾಡಿದರೂ ಸಾಕಷ್ಟು ಭಾರ ಬರುತ್ತದೆ.